ನೀತಿ ಇಲ್ಲದ ಪುಸ್ತಕ

ಸಿಂದಗಿ ತಾಲ್ಲೂಕಿನಲ್ಲಿ ಮಕ್ಕಳ ಪುಸ್ತಕಗಳಿಗೆ ನಮ್ಮ ವೈನಿಯಷ್ಟು ಅವಮಾನ ಮಾಡಿದವರು ಇನ್ನೊಬ್ಬರಿಲ್ಲ. ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ದೇವಣಗಾಂವದ ಶಾಲೆಯಲ್ಲಿ ಕನ್ನಡ ಟೀಚರು. ಹುಡುಗರಿಗೆ ಓದುವ ಚಟ ಹಿಡಿಸಬೇಕೆಂಬ ಹುಚ್ಚು ಅವರಿಗೆ. ಹುಡುಗರಿಗೆ ಚಟ ಹತ್ತಲಿಲ್ಲ. ಹುಚ್ಚು ಇವರಿಗೇ ಉಳಿಯಿತು.

ಪುಸ್ತಕ ಕೈಗೆ ಬಂದರೆ ವೈನಿ ಮೊದಲು ಕೊನೆಯ ಪುಟ ತೆರೆಯುತ್ತಾರೆ. ಅಲ್ಲಿ ‘ನೀತಿ’ ಎಂದು ಕಂಡಿತೋ, ಪುಸ್ತಕ ವಾಪಸ್. ಸಿಂದಗಿಯ ಅಂಗಡಿಗಳೆಲ್ಲ ಮುಗಿದ ಮೇಲೆ ಒಂದು ರವಿವಾರ ನನ್ನ ಬೈಕ್ ಹತ್ತಿದರು. ಬೆನ್ನು ಮುರಿಯುವಷ್ಟು ದೂರ ಮುದ್ದೇಬಿಹಾಳಕ್ಕೆ ಹೋದೆವು. ಅಂಗಡಿಯವನು, ಪಾಪ, ಇದ್ದಬದ್ದದ್ದನ್ನೆಲ್ಲ ಮುಂದೆ ಸುರಿದ. ನಿಜ ಹೇಳಿ ಗೆದ್ದ ಮೊಲ, ಸುಳ್ಳು ಹೇಳಿ ಕೆಟ್ಟ ನರಿ, ಒಗ್ಗಟ್ಟಿನ ಇರುವೆ. ಎಲ್ಲವನ್ನೂ ಹಿಂದಿನಿಂದ ನೋಡಿ ವೈನಿ ಪಕ್ಕಕ್ಕಿಟ್ಟರು.

“ನೀತಿ ಇಲ್ಲದ್ದು ತೋರಸ್ರಿ.”

ಅವನು ಅವರನ್ನು ನೋಡಿದ, ನನ್ನನ್ನು ನೋಡಿದ, ದನಿ ತಗ್ಗಿಸಿದ. “ಅಂಥಾ ಪುಸ್ತಕ ನಾವು ಇಡಂಗಿಲ್ರಿ ಅಕ್ಕೋರ. ಸಂಸಾರಸ್ಥರು ಬರೂ ಅಂಗಡಿ ಇದು.”

ಆದರೂ ರಾಶಿಯ ತಳದಲ್ಲಿ ನೀತಿಗೆಟ್ಟವು ಕೆಲವು ಸಿಕ್ಕವು. ಮರುದಿನ ತರಗತಿಯಲ್ಲಿ ಹರಡಿದರು. ಒಬ್ಬ ಹುಡುಗ ಎದ್ದು ಕೇಳಿದನಂತೆ: “ಇದು ಪರೀಕ್ಷಾಕ್ಕ ಬರ್ತೈತೇನ್ರಿ?”

“ಇಲ್ಲಪಾ.”

ಬದುಕಿದೆಯಾ ಬಡಜೀವವೇ ಎಂದು ಅವನು ಕೂತುಬಿಟ್ಟ.

ಬೇಡ ಎಂದದ್ದನ್ನು ಮಾಡುವುದೇ ಹುಡುಗರ ಗುಣ ಅಲ್ಲವೆ? ವೈನಿ ಪುಸ್ತಕಗಳನ್ನು ಕಪಾಟಿನಲ್ಲಿಟ್ಟು, ಬೇಕೆಂದೇ ಕೀಲಿ ಹಾಕದೆ, “ಇವನ್ನ ಯಾರೂ ಮುಟ್ಟಬ್ಯಾಡ್ರಿ” ಎಂದು ಗದರಿಸಿ ಬಂದರು. ವಾರ ಬಿಟ್ಟು ನೋಡಿದರೆ ಬರೀ ಧೂಳು. ಕೇಳಿದರೆ, “ನೀವ ಬ್ಯಾಡ ಅಂದಿದ್ರಲ್ರಿ.” ಇಂಥ ವಿಧೇಯ ಮಕ್ಕಳು ಬೇರೆ ಯಾವ ಟೀಚರಿಗೆ ಸಿಕ್ಕಾರು?

ಆ ದಿನ ಮನೆಯಲ್ಲಿ ರೊಟ್ಟಿ ಸೀದವು. ಅಣ್ಣ ಮೊಸರು ಹಚ್ಚಿಕೊಂಡು ತಿಂದ.

“ಹುಡುಗರದು ತಪ್ಪಲ್ಲ ತಮ್ಮಾ,” ಎಂದರು ವೈನಿ. “ನನಗ ಪುಸ್ತಕ ಆರಸಾಕ ಬರಂಗಿಲ್ಲ.” ನಗಿಸಲು ನೋಡಿದೆ. ನಗಲಿಲ್ಲ.

ಅವರ ಜೀವವೆಲ್ಲ ಆರನೆಯ ತರಗತಿಯ ಒಬ್ಬ ಹುಡುಗಿಯ ಮೇಲಿತ್ತು. ಅಕ್ಷರ ಕೂಡಿಸಿ ಓದುವುದು ಅವಳಿಗೆ ಆಗಷ್ಟೇ ಹಿಡಿತಕ್ಕೆ ಬಂದಿತ್ತು. ದೀಪಾವಳಿ ಮುಗಿದೊಡನೆ ಅಪ್ಪ ಅವ್ವನ ಜೊತೆ ಮಹಾರಾಷ್ಟ್ರದ ಕಬ್ಬಿನ ಕಟಾವಿಗೆ ಹೊರಟಳು. “ತಿರುಗಿ ಬರೂದ್ರಾಗ ಎಲ್ಲಾ ಮರೀತಾಳ,” ಎಂದು ವೈನಿ ಟ್ರ್ಯಾಕ್ಟರಿನವರೆಗೂ ಓಡಿ, ಅವಳ ಕೈಗೆ ಒಂದು ಪುಸ್ತಕ ತುರುಕಿದರು. ತಪ್ಪಿ ಬಸ್ಸು ಹತ್ತಿ ಊರು ಬಿಟ್ಟುಹೋದ ಒಂದು ಆಡಿನ ಕಥೆ. ಹುಡುಗಿಯ ಅವ್ವ ಅದನ್ನು ಇಸಿದುಕೊಂಡು ಹಾಸಿಗೆಯ ಗಂಟಿಗೆ ಸೇರಿಸಿದಳು. ಟ್ರ್ಯಾಕ್ಟರ್ ಹೋಯಿತು.

“ಇನ್ನ ಅದು ಗಂಟಿನಿಂದ ಹೊರಗ ಬರಂಗಿಲ್ಲ,” ಎಂದರು ವೈನಿ. ಆಮೇಲೆ ಅವರು ಪುಸ್ತಕದ ಮಾತೇ ಎತ್ತಲಿಲ್ಲ. ನನ್ನ ಬೈಕಿಗೆ ರವಿವಾರ ಬಿಡುವು ಸಿಕ್ಕಿತು. ನನಗೇಕೋ ಆ ಬಿಡುವು ಸೇರಲಿಲ್ಲ.

ಯುಗಾದಿಯ ಹೊತ್ತಿಗೆ ಹುಡುಗಿ ಬಂದಳು. ಅಂದು ವೈನಿಯನ್ನು ಕರೆತರಲು ನಾನು ಶಾಲೆಗೆ ಹೋಗಿದ್ದೆ.

“ಪುಸ್ತಕ ಎಲ್ಲೈತಿ?” ಎಂದು ವೈನಿ ಕೇಳಿದರು.

ಅವಳು ತಲೆ ತಗ್ಗಿಸಿದಳು. “ಹಿಂದಿನ ಅರ್ಧಾ ಅವ್ವ ಒಲಿಗಿ ಹಾಕಿದ್ಲ್ರಿ, ಗೊತ್ತಾಗದ.”

ವೈನಿ ಬ್ಯಾಗು ತೆಗೆದುಕೊಂಡು ನನ್ನ ಕಡೆ ಹೊರಟರು.

“ಆದ್ರ ಕಥಿ ಗೊತ್ತೈತ್ರಿ. ಹೇಳ್ಲೇನ್ರಿ?”

ಹುಡುಗರು ಸುತ್ತ ನೆರೆದರು. ಪುಸ್ತಕದಲ್ಲಿ ಕಂಡಕ್ಟರನೇ ಆಡನ್ನು ಮನೆಗೆ ಮುಟ್ಟಿಸುತ್ತಾನೆ, ನಾನೂ ಓದಿದ್ದೆ. ಇವಳ ಆಡನ್ನು ಯಾರೂ ಮುಟ್ಟಿಸಲಿಲ್ಲ. ಅದು ಕಬ್ಬಿನ ಹೊಲದ ಹತ್ತಿರ ಇಳಿದು, ಕಂಡಕಂಡವರನ್ನು ದಾರಿ ಕೇಳುತ್ತ ನಡೆದೇ ಊರಿಗೆ ಬಂತು.

“ಬಂದು ನೋಡಿದ್ರ ಮನಿಗಿ ಕೀಲಿ ಹಾಕಿತ್ರಿ. ಎಲ್ಲಾರೂ ಕಬ್ಬಿಗಿ ಹೋಗಿದ್ರು. ಅದು ಬಾಗಲದಾಗ ಕುಂತು ಹಾದಿ ನೋಡಾಕತ್ತಿತ್ರಿ.”

“ವೈನಿ, ಪುಸ್ತಕದಾಗ ಹಿಂಗಿಲ್ಲ,” ಎಂದು ನಾನು ಪಿಸುಗುಟ್ಟಿದೆ.

“ನೀ ಸುಮ್ನಿರು.” ಬ್ಯಾಗು ಕೆಳಗಿಟ್ಟು, ಹುಡುಗರ ನಡುವೆ ನೆಲದ ಮೇಲೆಯೇ ಕೂತರು. ಕಣ್ಣೊರೆಸಿಕೊಂಡು ಆ ಹುಡುಗಿಯನ್ನೇ ಕೇಳಿದರು:

“ಆಮ್ಯಾಲ ಏನಾತವ್ವಾ?”