ಭಾವನ ಗಾಜಿನ ತೊಟ್ಟಿ, ನನ್ನ ವಿಜ್ಞಾನ

ನಮ್ಮ ಭಾವನ ಪ್ರಕಾರ ಈ ಜಗತ್ತಿನಲ್ಲಿ ಇರುವುದು ಎರಡೇ ಕಾಯಿಲೆ. ಒಂದು, ಎಣ್ಣೆ ಕಡಿಮೆಯಾದದ್ದು. ಇನ್ನೊಂದು, ಎಣ್ಣೆಯನ್ನೇ ಹಾಕದೆ ಇದ್ದದ್ದು! ಬಾಗಿಲು ಕಿರುಗುಟ್ಟಿದರೂ ಎಣ್ಣೆ, ಮಂಡಿ ಕಿರುಗುಟ್ಟಿದರೂ ಎಣ್ಣೆ. ಚಳ್ಳಕೆರೆಯ ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದು, ನಿವೃತ್ತರಾಗಿ ದೇವಸಮುದ್ರದ ಮನೆ ಸೇರಿದ ಮನುಷ್ಯ. ಮಿಲ್ಲು ಬಿಟ್ಟರೂ ಉದ್ದ ಮೂತಿಯ ಎಣ್ಣೆಬುಡ್ಡಿಯನ್ನು ಬಿಟ್ಟಿರಲಿಲ್ಲ. ಮದುವೆಗೆ ಹೋದರೂ ಅದು ಕೈಚೀಲದಲ್ಲಿ ಇರಬೇಕು.

ಒಮ್ಮೆ ಮೊಳಕಾಲ್ಮುರಿಗೆ ಹೋಗುವ ಖಾಸಗಿ ಬಸ್ಸಿನ ಬಾಗಿಲು ಕಿರ್ ಎನ್ನುತ್ತಿತ್ತು. ಭಾವನಿಗೆ ತಡೆಯಲಾಗಲಿಲ್ಲ. ಎದ್ದು ಹೋಗಿ ಕೀಲಿನಿಂದ ಹಿಡಿದು ಚಿಲಕದವರೆಗೂ ಧಾರಾಳವಾಗಿ ಎಣ್ಣೆ ಬಿಟ್ಟರು. ಸದ್ದು ನಿಂತಿತು, ನಿಜ. ಆದರೆ ಚಿಲಕವೂ ನಿಲ್ಲದಾಯಿತು! ಊರು ಮುಟ್ಟುವವರೆಗೂ ಕಂಡಕ್ಟರ್ ಒಂದು ಕೈಯಲ್ಲಿ ಬಾಗಿಲು, ಇನ್ನೊಂದು ಕೈಯಲ್ಲಿ ಟಿಕೆಟ್ಟು ಹಿಡಿದು ನಿಂತ.

“ಯಜಮಾನ್ರೇ, ಇದೇನ್ರಿ ಮಾಡಿದ್ರಿ?”

“ಸದ್ದು ಹೋಯ್ತೋ ಇಲ್ಲೋ, ಅದನ್ನ ಹೇಳಪ್ಪ” ಎಂದರು ಭಾವ.

ಇದನ್ನು ನಾನು ಊರೆಲ್ಲ ಹೇಳಿಕೊಂಡು ನಕ್ಕವನು. ನಗುವ ಅಧಿಕಾರ ನನಗಿತ್ತು ಎಂದು ತಿಳಿದಿದ್ದೆ. ಏಕೆಂದರೆ ನಾನು ಚಳ್ಳಕೆರೆಯಲ್ಲಿ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಹಪ್ಪಳ ಉಬ್ಬಿದರೂ “ಇದರ ಹಿಂದೆ ವಿಜ್ಞಾನ ಐತೆ ನೋಡ್ರಿ” ಎಂದು ಶುರುಮಾಡುವ ಪ್ರಾಣಿ. ನಾನು ಬಾಯಿ ತೆರೆದರೆ ನೆಂಟರು ಎಲೆ ಎತ್ತಲು ಏಳುತ್ತಾರೆ.

ಹೋದ ವರ್ಷ ಮಾತ್ರ ನಗುವಂಥದ್ದಲ್ಲದ ಒಂದು ಸಂಗತಿ ನಡೆಯಿತು. ಭಾವ ಬಚ್ಚಲ ಬಾಗಿಲ ಕೀಲುಗಳಿಗೆ ಎಣ್ಣೆ ಬಿಟ್ಟಿದ್ದರು. ಅದೇ ಬೆಳಿಗ್ಗೆ ನನ್ನ ಅಕ್ಕ ಬಚ್ಚಲ ಹೊಸ್ತಿಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಚೆನ್ನಾಗಿ ಆಯಿತು. “ಇನ್ನು ವಾಕರ್ ಹಿಡಿದು ನಡೀಬೇಕಮ್ಮ” ಎಂದು ಡಾಕ್ಟರು ಹೇಳಿ ಕಳಿಸಿದರು. ಅಕ್ಕ ನಡೆಯಲಿಲ್ಲ. ಮತ್ತೆ ಬೀಳುತ್ತೇನೆಂಬ ಭಯ. ಮಂಚದಿಂದ ಪಕ್ಕದ ಕುರ್ಚಿ, ಕುರ್ಚಿಯಿಂದ ಮಂಚ, ಅಷ್ಟೇ. ಮೂರು ತಿಂಗಳಾದರೂ ಕೋಣೆಯ ಹೊಸ್ತಿಲು ದಾಟಲಿಲ್ಲ. ಹೀಗೇ ಬಿಟ್ಟರೆ ಕಾಲು ಶಾಶ್ವತವಾಗಿ ಹೋಗುತ್ತದೆ ಎಂದು ಡಾಕ್ಟರು ಎಚ್ಚರಿಸಿದ್ದರು.

ಭಾವ ಎಣ್ಣೆಬುಡ್ಡಿಯನ್ನು ಅಟ್ಟಕ್ಕೆ ಎಸೆದರು. ಮನೆಯ ಬಾಗಿಲುಗಳೆಲ್ಲ ಒಂದೊಂದಾಗಿ ಕಿರುಗುಟ್ಟತೊಡಗಿದವು. ಅವರು ಕಿವಿ ಕೇಳದವರಂತೆ ಕೂತಿರುತ್ತಿದ್ದರು. ಅಕ್ಕ ಬಿದ್ದ ವಿಷಯವನ್ನು ಅವಳೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ.

ಒಂದು ದಿನ ಇದ್ದಕ್ಕಿದ್ದಂತೆ ಅವರ ಫೋನು. “ಲೇ, ಆಸ್ಪತ್ರೆ ವರಾಂಡದಾಗೆ ಮೀನಿನ ತೊಟ್ಟಿ ಇತ್ತಲ್ಲ, ನಿಮ್ಮಕ್ಕ ಅದನ್ನ ಕಣ್ಣು ಮಿಟುಕಿಸದಂಗೆ ನೋಡ್ತಿದ್ಲು. ಅಂಥದೊಂದು ತರಾನ. ಪಡಸಾಲೆಯಾಗೆ ಇಡ್ತೀನಿ. ನೋಡಬೇಕು ಅನ್ನಿಸಿದ್ರೆ ಎದ್ದು ಬರ್ತಾಳೆ.”

ಚಳ್ಳಕೆರೆಯ ಗುಜರಿ ಅಂಗಡಿಯಲ್ಲಿ ಎರಡೂವರೆ ಅಡಿಯ ಹಳೆಯ ತೊಟ್ಟಿಯೊಂದು ಸಿಕ್ಕಿತು. ಅಂಗಡಿಯ ಸಾಬರು ಅದನ್ನು ಪ್ರೀತಿಯಿಂದ ತಟ್ಟಿದರು.

“ಫಸ್ಟ್ ಕ್ಲಾಸ್ ಮಾಲ್ ಐತೆ ಮೇಷ್ಟ್ರೇ. ಥೋಡಾ ಲೀಕೇಜು, ಬಸ್!”

“ಥೋಡಾ ಅಂದ್ರೆ ಎಷ್ಟು?”

“ನೀರು ಹಾಕಿದ್ರೆ ಮಾತ್ರ!”

ದಸರಾ ರಜೆ ಬಂದೊಡನೆ ತೊಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ದೇವಸಮುದ್ರದ ಬಸ್ಸು ಹತ್ತಿದೆ. ಪಕ್ಕದಲ್ಲಿದ್ದ ಅಜ್ಜಿ “ಏಮಪ್ಪಾ, ಖಾಳೀನೇ ಕದಾ?” ಎಂದು, ಖಾಲಿ ತಾನೇ ಎಂದು ತೆಲುಗಿನಲ್ಲಿ ಕೇಳಿ, ನನ್ನ ಉತ್ತರಕ್ಕೂ ಕಾಯದೆ ತನ್ನ ಟೊಮೆಟೊ ಚೀಲವನ್ನು ಅದರೊಳಗಿಟ್ಟಳು. ಅದನ್ನು ಕಂಡು ಇನ್ನೊಬ್ಬರು ಟಿಫಿನ್ ಕ್ಯಾರಿಯರ್ ಇಟ್ಟರು. ದೇವಸಮುದ್ರ ಬರುವ ಹೊತ್ತಿಗೆ ಅರ್ಧ ಬಸ್ಸಿನ ಲಗೇಜು ನನ್ನ ತೊಡೆಯ ಮೇಲಿತ್ತು. ನನ್ನ ಕಾಲು ಎಲ್ಲಿದೆ ಎಂದು ಹುಡುಕಿಕೊಂಡು ಇಳಿಯಬೇಕಾಯಿತು.

ಇನ್ನು ಕೆಲಸ. ಗಾಜಿನ ಸಂದಿಯ ಹಳೆಯ ಸಿಲಿಕೋನ್ ಅಂಟನ್ನು ಬ್ಲೇಡಿನಿಂದ ಪೂರ್ತಿ ಕೆರೆದು ತೆಗೆದು ಹೊಸದನ್ನು ಹಚ್ಚಬೇಕು. ಫೋನಿನಲ್ಲಿ ನಾಲ್ಕು ವಿಡಿಯೊ ನೋಡಿದ್ದ ನಾನು ನಾಲ್ಕು ತೊಟ್ಟಿ ಮಾಡಿದವನಂತೆ ಕೂತೆ. ಒಂದು ಗಂಟೆ ಕೆರೆದರೂ ಮೂಲೆಯ ಅಂಟು ಜಗ್ಗಲಿಲ್ಲ. ಆಗ ನನಗೊಂದು ಜ್ಞಾನೋದಯವಾಯಿತು. ಡಬ್ಬಿಯ ಮೇಲಿನ ಚೀಟಿ ಕೀಳಲು ನಾವೆಲ್ಲ ಎಣ್ಣೆ ಹಚ್ಚುವುದಿಲ್ಲವೇ? ಸೀದಾ ಅಡುಗೆಮನೆಗೆ ಹೋಗಿ ಶೇಂಗಾ ಎಣ್ಣೆ ತಂದೆ.

ಭಾವನ ಮುಖ ಬಿಳಿಚಿತು. “ಬ್ಯಾಡಲೇ. ಎಣ್ಣೆ ಆದ ಮೇಲೆ ಏನೂ ಅಂಟಂಗಿಲ್ಲ.”

ಎಣ್ಣೆ ಬೇಡ ಎಂದು ಹೇಳುತ್ತಿರುವವರು ಯಾರು ಎಂದಾದರೂ ನಾನು ಯೋಚಿಸಬೇಕಿತ್ತು! ಇಲ್ಲ. “ಭಾವ, ಇದರ ಹಿಂದೆ ವಿಜ್ಞಾನ ಐತೆ” ಎಂದು ನಾಲ್ಕೂ ಮೂಲೆಗೆ ತಿಕ್ಕಿದೆ. ಹಳೆಯದನ್ನು ಕಿತ್ತು, ಬಟ್ಟೆಯಲ್ಲಿ ಒರೆಸಿ, ಹೊಸ ಸಿಲಿಕೋನ್ ಎಳೆದೆ. ಜಗತ್ತಿನ ಸಮಸ್ತಕ್ಕೂ ಎಣ್ಣೆ ಹಾಕಿದ ಮನುಷ್ಯನನ್ನು ಮೂವತ್ತು ವರ್ಷ ಆಡಿಕೊಂಡ ನಾನು, ಎಣ್ಣೆ ಹಾಕಲೇಬಾರದ ಒಂದೇ ಒಂದು ವಸ್ತುವನ್ನು ಹುಡುಕಿ ಅದಕ್ಕೆ ಎಣ್ಣೆ ಹಾಕಿದ್ದೆ.

ಎರಡು ದಿನ ಬಿಟ್ಟು ನೀರು ತುಂಬಿದೆವು. ಮೊದಲ ಕೊಡಕ್ಕೆ ಏನೂ ಆಗಲಿಲ್ಲ. ಎರಡನೆಯದಕ್ಕೆ ಒಂದು ಹನಿ. ಮೂರನೆಯದಕ್ಕೆ ಸಿಲಿಕೋನು ಶಾವಿಗೆಯಂತೆ ಉದ್ದಕ್ಕೆ ಬಿಚ್ಚಿಕೊಂಡು ಬಂತು! ಪಡಸಾಲೆ ತುಂಬ ನೀರು, ನನ್ನ ಪ್ಯಾಂಟು ಮೊಳಕಾಲಿನವರೆಗೆ ಒದ್ದೆ.

ಕೋಣೆಯಿಂದ ಅಕ್ಕನ ದನಿ. “ಏನೋ ಅದು ಸಪ್ಪಳ?”

“ಏನಿಲ್ಲಕ್ಕ, ಟೆಸ್ಟಿಂಗು!”

“ಟೆಸ್ಟಿಂಗು ನನ್ನ ಮಂಚದ ಕೆಳಗೆ ಬಂತು ಕಣೋ!”

ಆಮೇಲೆ ಅವಳು ನಕ್ಕಳು. ಬಿದ್ದಾದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು. ಆದರೆ ಏಳಲಿಲ್ಲ. ಭಾವ ಕೋಣೆಯ ಬಾಗಿಲನ್ನೇ ಸ್ವಲ್ಪ ಹೊತ್ತು ನೋಡಿ ತಿರುಗಿಕೊಂಡರು. ಅಂದಹಾಗೆ, ಗಾಜಿಗೆ ಅಂಟದ ಆ ಸಿಲಿಕೋನು ನನ್ನ ಮೀಸೆಗೆ ಎಷ್ಟು ಭದ್ರವಾಗಿ ಅಂಟಿತ್ತೆಂದರೆ, ಕಾಲೇಜಿನಿಂದ ಸಾಕಿಕೊಂಡು ಬಂದಿದ್ದ ಮೀಸೆಯನ್ನು ಅದೇ ಸಂಜೆ ಬೋಳಿಸಬೇಕಾಯಿತು.

ಮರುದಿನ ಭಾವನೇ ಕೂತರು. ಹಬ್ಬದ ಎಣ್ಣೆ ಸ್ನಾನ ಮಾಡಿಸಿದ ಮಗುವಿಗೆ ಉಜ್ಜುವಂತೆ ಗಾಜಿಗೆ ಸೀಗೆಪುಡಿ ಹಾಕಿ ಉಜ್ಜಿದರು. ಅಕ್ಕನ ಗಾಯ ಒರೆಸಲು ತಂದಿದ್ದ ಸ್ಪಿರಿಟ್ಟಿನಲ್ಲಿ ಎರಡು ಸಲ ಒರೆಸಿದರು. ಹೊಸ ಸಿಲಿಕೋನನ್ನು ಎಳೆದು, ಬೆರಳನ್ನು ಮೇಲಿನಿಂದ ಕೆಳಕ್ಕೆ ಒಂದೇ ಸಲ ಓಡಿಸಿದರು. ನಾಲ್ಕೂ ಮೂಲೆ ಒಂದೇ ಅಚ್ಚು! ಆಮೇಲೆ ಮೂರು ದಿನ ಅದರ ಮುಂದೆಯೇ ಕಾವಲು ಕೂತರು. ಅವರು ಸ್ನಾನಕ್ಕೆ ಹೋದಾಗ ಒಣಗಿದೆಯೇ ಎಂದು ನಾನು ಒತ್ತಿ ನೋಡಿದ್ದರ ಗುರುತಾಗಿ ನನ್ನ ಹೆಬ್ಬೆಟ್ಟು ಇವತ್ತಿಗೂ ಎಡಮೂಲೆಯಲ್ಲಿದೆ. ಹತ್ತನೇ ತರಗತಿಗೆ ಪಾಠ ಹೇಳುವವನ ಹೆಬ್ಬೆಟ್ಟು!

ನಾಲ್ಕನೆಯ ದಿನ ಕೆಳಗೆ ಪೇಪರು ಹಾಸಿ ನೀರು ತುಂಬಿದೆವು. ನಾನು ಕೊಡ ಎತ್ತುವಾಗ ಎಂದಿನಂತೆ ಪಡಸಾಲೆಯ ಉದ್ದಕ್ಕೂ ನೆಲಕ್ಕೆ ಒಂದಿಷ್ಟು ಚೆಲ್ಲಿದೆ. ತೊಟ್ಟಿ ತುಂಬಿತು. ಒಂದು ಗಂಟೆ ಕಾದೆವು. ಪೇಪರು ಒಣಗಿದ್ದು ಒಣಗಿದ ಹಾಗೇ ಇತ್ತು.

“ಸೋರ್ತಾ ಐತೇನ್ರಿ?” ಎಂದಳು ಅಕ್ಕ ಒಳಗಿನಿಂದ.

“ಇಲ್ಲ” ಎಂದರು ಭಾವ.

“ನಿಮ್ಮಿಬ್ಬರನ್ನ ನಂಬೋದೆಂಗೆ?”

“ಬಂದು ನೋಡು.”

ನಾನು ಏನೋ ಹೇಳಲು ಹೋದೆ, ಭಾವ ನನ್ನ ಕೈ ಹಿಡಿದರು. ಸ್ವಲ್ಪ ಹೊತ್ತಿಗೆ ವಾಕರ್ ನೆಲಕ್ಕೆ ಊರಿದ ಸದ್ದು ಕೇಳಿತು. ಮತ್ತೊಂದು. ಅಕ್ಕ ಕೋಣೆಯ ಹೊಸ್ತಿಲಿಗೆ ಬಂದು ನಿಂತು, ನಾನು ಚೆಲ್ಲಿದ್ದ ನೀರನ್ನು ನೋಡಿ ಹೆದರಿ ಅಲ್ಲೇ ನಿಂತಳು.

ಭಾವ ಹೆಗಲ ಮೇಲಿನ ಟವೆಲ್ ತೆಗೆದು ಮಂಡಿಯೂರಿದರು. ಒಂದು ಹೆಜ್ಜೆಯಷ್ಟು ನೆಲ ಒರೆಸಿದರು. ಅಂಗೈ ಸವರಿ ನೋಡಿದರು. “ಒಣಗೈತೆ, ಬಾ” ಎಂದರು. ಅಕ್ಕ ಅಷ್ಟು ಬಂದಳು. ಇನ್ನೊಂದು ಹೆಜ್ಜೆಯಷ್ಟು ಒರೆಸಿದರು. ಅರವತ್ತೈದು ದಾಟಿದ ಮನುಷ್ಯ ಅವಳ ಮುಂದೆ ಹಿಂದಕ್ಕೆ ಅಂಬೆಗಾಲಿಡುತ್ತ, ಹೀಗೇ ಹನ್ನೊಂದು ಹೆಜ್ಜೆ ಕರೆತಂದರು. ನನ್ನ ಕಣ್ಣು ಮಂಜಾಗಿ ಹನ್ನೆರಡನೆಯದನ್ನು ನಾನು ನೋಡಲಿಲ್ಲ.

ಒಂದು ಮೀನೂ ಇಲ್ಲದ ತೊಟ್ಟಿಯ ಮುಂದೆ ಅಕ್ಕ ನಿಂತಳು. ಭಾವ ಇನ್ನೂ ನೆಲದ ಮೇಲೆಯೇ ಇದ್ದರು, ತಲೆ ಎತ್ತಲಿಲ್ಲ.

“ರೀ, ಅವತ್ತು ನಾನು ನಿಮ್ಮ ಎಣ್ಣೆಗೆ ಜಾರಲಿಲ್ಲ” ಎಂದಳು ಅಕ್ಕ. “ತಲೆ ಸುತ್ತು ಬಂದಿತ್ತು. ನೀವು ಕೇಳ್ತೀರಿ, ಆವಾಗ ಹೇಳಾನ ಅಂತಿದ್ದೆ. ನೀವು ಕೇಳಲೇ ಇಲ್ಲ.”

ನನ್ನ ಅಕ್ಕ ಸುಳ್ಳು ಹೇಳುವವಳಲ್ಲ. ಅವತ್ತು ಹೇಳಿದ್ದು ನಿಜವೋ ಸುಳ್ಳೋ ನಾನು ಇದುವರೆಗೂ ಕೇಳಿಲ್ಲ, ಕೇಳುವುದೂ ಇಲ್ಲ. ಭಾವ ಟವೆಲನ್ನು ಮುಖಕ್ಕೆ ಒತ್ತಿಕೊಂಡರು. ಅಕ್ಕ ವಾಕರಿನಿಂದ ಒಂದು ಕೈ ಬಿಡಿಸಿ, ಅವರ ತಲೆಯ ಮೇಲಿಟ್ಟಳು.