ಅತ್ತೆಯ ಹರಕೆ ಮತ್ತು ನನ್ನ ಗಾಳ

ಸಲಹೆ ಕೊಡುವುದಕ್ಕೆ ಅನುಭವ ಇರಬೇಕು ಎಂಬ ಮಾತನ್ನು ನಾನು ಯಾವತ್ತೂ ಒಪ್ಪಿದವನಲ್ಲ. ಅನುಭವ ಇರುವವರಿಗೆ ಮಾತನಾಡಲು ಪುರುಸೊತ್ತು ಎಲ್ಲಿರುತ್ತದೆ? ನಮ್ಮ ಕಚೇರಿಯಲ್ಲಿ ಮೀನು ಹಿಡಿಯುವ ವಿಷಯ ಬಂದರೆ ಎಲ್ಲರೂ ಈಗ ನನ್ನ ಕಡೆಗೇ ತಿರುಗುತ್ತಾರೆ. ಹೊಸಬರಿಗೆ ರಾಡು ಎಷ್ಟುದ್ದ ಇರಬೇಕು, ದಾರ ಎಷ್ಟು ದಪ್ಪ ಇರಬೇಕು, ಮೀನು ತಿಳಿ ನೀರಿನಲ್ಲಿದ್ದರೆ ಯಾವ ಬಣ್ಣದ ಹುಳು, ಕದಡಿದ ನೀರಿನಲ್ಲಿದ್ದರೆ ಯಾವ ಬಣ್ಣ ಎಂದು ನಾನು ಊಟದ ಡಬ್ಬಿ ಮುಚ್ಚಿಟ್ಟು ವಿವರಿಸುತ್ತೇನೆ. ಕೇಳುವವರು ತಲೆದೂಗುತ್ತಾರೆ. ನಾನು ತ್ಯಾಗರಾಜನಗರದ, ಈರುಳ್ಳಿಯನ್ನೂ ಏಕಾದಶಿ ನೋಡಿಕೊಂಡು ತಿನ್ನುವ ಮನೆಯವನೆಂಬುದು ಅವರಿಗೆ ಗೊತ್ತು. ಎರಡು ವರ್ಷದಿಂದ ಗಾಳ ಹಾಕುತ್ತಿದ್ದರೂ ನನಗೆ ಒಂದು ಮೀನೂ ಸಿಕ್ಕಿಲ್ಲ ಎಂಬುದು ಗೊತ್ತಿಲ್ಲ.

ಇದು ಶುರುವಾದದ್ದು ರಕ್ತದೊತ್ತಡದಿಂದ. ಡಾಕ್ಟರು ಮನಸ್ಸಿಗೆ ನೆಮ್ಮದಿ ಕೊಡುವ ಹವ್ಯಾಸ ಬೆಳೆಸಿಕೊಳ್ಳಿ ಎಂದರು. ನಾನು ಮೊಬೈಲಿನಲ್ಲಿ ನೆಮ್ಮದಿ ಹುಡುಕುತ್ತಿದ್ದಾಗ ಅಮೆರಿಕದ ಒಬ್ಬ ದಢೂತಿ ಮನುಷ್ಯ ದೋಣಿಯಲ್ಲಿ ಕೂತು ಬಾಸ್ ಎಂಬ ಮೀನನ್ನು ಹಿಡಿಯುತ್ತಿದ್ದ. ಹಿಡಿಯುತ್ತಿದ್ದ, ಮುದ್ದು ಮಾಡುತ್ತಿದ್ದ, ಮತ್ತೆ ನೀರಿಗೆ ಬಿಡುತ್ತಿದ್ದ. ಕೊಲ್ಲುವುದಿಲ್ಲ, ತಿನ್ನುವುದಿಲ್ಲ! ಇದು ನಮ್ಮವರಿಗಾಗಿಯೇ ಮಾಡಿದ ಆಟವೆಂದು ನನಗೆ ಅನ್ನಿಸಿಬಿಟ್ಟಿತು. ಒಂದು ತಿಂಗಳು ರಾತ್ರಿ ಹಗಲೆನ್ನದೆ ಅವನ ಪಾಠ ಕೇಳಿದೆ. ಏಳಡಿಯ ರಾಡು, ಹಗುರವಾದ ರೀಲು, ಹನ್ನೆರಡು ಪೌಂಡು ತಡೆಯುವ ದಾರ, ಮೀನಿಗೆ ಆಮಿಷವಾಗಿ ನೇರಳೆ ಬಣ್ಣದ ರಬ್ಬರು ಹುಳುಗಳು, ಕಾಲಿಗೆ ದಾರ ಕಟ್ಟಿದ ಎರಡು ರಬ್ಬರು ಕಪ್ಪೆ ಎಲ್ಲವನ್ನೂ ತರಿಸಿಕೊಂಡೆ. ನನ್ನ ಹೆಂಡತಿ ವತ್ಸಲ ಪಾರ್ಸೆಲ್ಲು ಬಿಚ್ಚಿ ಒಂದು ಕಪ್ಪೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ರೀ, ಇದು ಅಡುಗೆಮನೆ ಹೊಸಿಲು ದಾಟಿದ್ರೆ ನಾನು ಅಮ್ಮನ ಮುಂದೆ ನಿಮ್ಮ ಪರ ವಹಿಸಲ್ಲ" ಎಂದಳು. ಅಮ್ಮ ಎಂದರೆ ಅವಳ ಅಮ್ಮ, ನಮ್ಮ ಜೊತೆಯಲ್ಲೇ ಇರುವ ನನ್ನ ಅತ್ತೆ.

ಸಾಮಾನೆಲ್ಲ ಬಂದ ಮೇಲೆ ನಾನು ಕಚೇರಿಯಲ್ಲಿ ಪಕ್ಕದ ಮೇಜಿನ ಮುನಿರಾಜುವನ್ನು ಕೇಳಿದೆ. ಮುನಿರಾಜು ಕಾಟನ್‌ಪೇಟೆಯವರು; ಬುದ್ಧಿ ಬಂದಾಗಿನಿಂದ ಗಾಳ ಹಾಕಿದವರು. "ಬಾಸ್ ಮೀನು ಯಾವ ಕೆರೇಲಿ ಸಿಗತ್ತೆ ಮುನಿರಾಜು?" ಎಂದೆ. ಅವರು ಕಡತದಿಂದ ತಲೆಯೆತ್ತಿ ನನ್ನನ್ನು ಕರುಣೆಯಿಂದ ನೋಡಿದರು. "ಅದು ಅವರ ದೇಶದ್ ಮೀನು ಸಾರ್. ನಮ್ ಕಡೆ ಕಾಟ್ಲ, ರೋಹು, ಜಿಲೇಬಿ. ನಿಮ್ ಕಪ್ಪೆಗೆ ಬೇಕಾದ್ರೆ ಕುಚ್ಚುಮೀನು ಬರಬಹುದು. ಸಾಮಾನು ತಗೊಳ್ಳೋಕ್ ಮುಂಚೆ ಒಂದ್ ಮಾತು ಕೇಳಬಾರದಿತ್ತಾ?" ಮದುವೆಯ ಸೀರೆ, ಒಡವೆ ಎಲ್ಲ ತಂದಾದ ಮೇಲೆ ಹೆಣ್ಣು ಹುಡುಕಲು ಹೊರಟವನ ಸ್ಥಿತಿ ನನ್ನದಾಗಿತ್ತು. ಆದರೂ ಮುನಿರಾಜು ಕೈಬಿಡಲಿಲ್ಲ. ಊರೊಳಗಿನ ಕೆರೆಗಳಲ್ಲಿ ಅನುಮತಿಯಿಲ್ಲದೆ ಗಾಳ ಹಾಕುವಂತಿಲ್ಲವಾದ್ದರಿಂದ ಕನಕಪುರ ರಸ್ತೆಯ ಕಡೆ ಅವರ ಪರಿಚಯದವರ ತೋಟದಲ್ಲಿದ್ದ ದೊಡ್ಡ ಹೊಂಡಕ್ಕೆ ಪ್ರತಿ ಭಾನುವಾರ ನನ್ನನ್ನು ಕರೆದುಕೊಂಡು ಹೋಗತೊಡಗಿದರು.

ಅಲ್ಲಿ ನನ್ನ ಅಮೆರಿಕದ ವಿದ್ಯೆಯೆಲ್ಲ ನೀರುಪಾಲಾಯಿತು. ಮುನಿರಾಜುವಿನ ಪಾಠ ಬೇರೆಯದೇ. ರಾಗಿಮುದ್ದೆಯನ್ನು ಗಟ್ಟಿಯಾಗಿ ಕಟ್ಟಿ, ಒಂದು ಚಿಟಿಕೆ ಇಂಗು ಹಾಕಿ ನಾದಿ, ಗೋಲಿಯಷ್ಟು ಉಂಡೆ ಮಾಡಿ ಕೊಕ್ಕೆಗೆ ಸಿಕ್ಕಿಸಬೇಕು. ಕೊಕ್ಕೆಯ ತುದಿಯ ಹಿಮ್ಮುಳ್ಳನ್ನು ಮೊದಲೇ ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಟ್ಟುಕೊಂಡರೆ ಮೀನಿನ ಬಾಯಿ ಹರಿಯದೆ ಕೊಕ್ಕೆ ಸುಲಭವಾಗಿ ಬಿಡಿಸಿಕೊಂಡು ಬರುತ್ತದೆ; ಆದರೆ ದಾರ ಸಡಿಲವಾದರೆ ಮೀನು ತಾನೇ ಕಳಚಿಕೊಂಡು ಹೋಗುತ್ತದೆ. ದಾರಕ್ಕೆ ಕಟ್ಟಿ ತೇಲಿಬಿಟ್ಟ ಬೆಂಡು ಮುಳುಗಿದ ತಕ್ಷಣ ಎಳೆಯಬಾರದು, ಎರಡನೆಯ ಸಲ ಮುಳುಗಿದಾಗ ಎಳೆಯಬೇಕು. ಇಷ್ಟೇ. ಈ ಇಷ್ಟರಲ್ಲಿ ನನಗೆ ಒಂದೂ ಬರಲಿಲ್ಲ. ನಮ್ಮ ಮನೆಯಲ್ಲಿ ಮುದ್ದೆಯ ರೂಢಿಯಿಲ್ಲ; ನಾನು ಮಾಡಿಕೊಂಡು ಹೋದದ್ದನ್ನು ಮುನಿರಾಜು ಮೂಸಿ ನೋಡಿ, "ಇದು ಮುದ್ದೆ ಅಲ್ಲ ಸಾರ್, ಅಂಬಲಿ. ಮೀನು ಕುಡ್ಕೊಂಡ್ ಹೋಗತ್ತೆ" ಎಂದರು. ಇನ್ನು ಮೀನುಗಳನ್ನು ಒಂದೆಡೆ ಸೇರಿಸಲು ಮೊದಲು ಸ್ವಲ್ಪ ತಿಂಡಿ ಎರಚಬೇಕಲ್ಲ, ಆ ಸ್ವಲ್ಪ ಎಂಬುದು ನನ್ನ ಕೈಗೆ ಹತ್ತಲಿಲ್ಲ. ಬಡಿಸುವಾಗ ಕೈ ಹಿಡಿಯಬಾರದು ಎಂದು ಕಲಿತ ಮನೆತನದ ಕೈ ಅದು. ನಾನು ಎರಚುತ್ತಿದ್ದ ರಭಸಕ್ಕೆ ಮೀನುಗಳು ಹೊಟ್ಟೆ ತುಂಬಾ ತಿಂದು ತೇಗಿ ಹೋಗುತ್ತಿದ್ದವು. "ನೀವು ಮೀನು ಹಿಡಿಯಕ್ ಬಂದಿದೀರೋ, ಸಮಾರಾಧನೆ ಮಾಡಕ್ ಬಂದಿದೀರೋ ಸಾರ್?" ಎಂದು ಮುನಿರಾಜು ನಗುತ್ತಿದ್ದರು. ಆದರೆ ಕಚೇರಿಯಲ್ಲಿ ನನ್ನ ಮರ್ಯಾದೆ ಕಾಪಾಡಿದವರೂ ಅವರೇ. ಒಮ್ಮೆ ಎಲ್ಲರ ಮುಂದೆ ನಾನು ಬಾಯಿತಪ್ಪಿ ಎರಡು ಕೆಜಿ ಕಾಟ್ಲ ಹಿಡಿದೆ ಎಂದುಬಿಟ್ಟಾಗ, ಮುನಿರಾಜು ಒಂದು ಕ್ಷಣವೂ ತಡವರಿಸದೆ "ಮೇಲೇನೇ ಇತ್ತು" ಎಂದು ಸಾಕ್ಷಿ ನುಡಿದರು.

ಮನೆಯಲ್ಲಿ ಅತ್ತೆಗೆ ಇದು ಯಾವುದೂ ಗೊತ್ತಿರಲಿಲ್ಲ. ಅವರಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮೆಟ್ಟಿಲ ಕೆಳಗೆ ನಿಲ್ಲಿಸಿದ್ದ ನನ್ನ ರಾಡನ್ನು ಅವರು ಜೇಡರಬಲೆ ತೆಗೆಯುವ ಕೋಲೆಂದು ತಿಳಿದಿದ್ದರು, ನಾನು ತಿದ್ದಲಿಲ್ಲ. ಭಾನುವಾರ ಎಲ್ಲಿಗೆ ಎಂದು ಕೇಳಿದರೆ ಕೆರೆಯ ಗಾಳಿಗೆ ಎನ್ನುತ್ತಿದ್ದೆ. ಆಮೇಲೆ ಅವರ ಕಣ್ಣಿನ ಆಪರೇಷನ್‌ಗೆ ದಿನ ಗೊತ್ತಾಯಿತು. ಅತ್ತೆ ಬಹಳ ಹೆದರಿದ್ದರು. ಬಾಯಿಬಿಟ್ಟು ಹೇಳಲಿಲ್ಲ, ಆದರೆ ಹಿಂದಿನ ದಿನ ಮನೆಯ ಗೋಡೆ, ಬಾಗಿಲು, ದೇವರ ಮಂಟಪ ಎಲ್ಲವನ್ನೂ ಒಂದೊಂದಾಗಿ ಮುಟ್ಟಿ ನೋಡುತ್ತಾ ಓಡಾಡಿದರು. ಆಪರೇಷನ್ ಚೆನ್ನಾಗಿ ಆಯಿತು. ಪಟ್ಟಿ ಬಿಚ್ಚಿ ಮನೆಗೆ ಬಂದ ದಿನ ಮಗಳನ್ನು ಹತ್ತಿರ ಕರೆದು ದಿಟ್ಟಿಸಿ, "ನಿನಗೆ ಯಾವಾಗ ನರೆ ಬಂತೇ ವತ್ಸಲಾ?" ಎಂದು ಅತ್ತುಬಿಟ್ಟರು. ವತ್ಸಲಳೂ ಅತ್ತಳು.

ಆವತ್ತು ಸಂಜೆ ಅತ್ತೆ ತಮ್ಮ ಹರಕೆಯ ವಿಷಯ ತೆಗೆದರು. ಅವರು ಹುಟ್ಟಿದ್ದು ಹೊಳೆಯ ದಡದ ಊರಿನಲ್ಲಿ. ಮೀನಿಗೆ ರೆಪ್ಪೆ ಇಲ್ಲ, ಅದು ಕಣ್ಣು ಮುಚ್ಚುವುದೇ ಇಲ್ಲ, ಕಣ್ಣಿನ ತೊಂದರೆ ಬಂದರೆ ಮೀನಿಗೆ ಪುರಿ ಹಾಕಬೇಕು ಎಂದು ಅವರ ತಾಯಿ ಹೇಳುತ್ತಿದ್ದರಂತೆ. ದೃಷ್ಟಿ ಬಂದರೆ ನಲವತ್ತೆಂಟು ಭಾನುವಾರ ಮೀನಿಗೆ ಕಡ್ಲೆಪುರಿ ಹಾಕಿಸುತ್ತೇನೆ ಎಂದು ಹೊತ್ತುಕೊಂಡಿದ್ದರು. "ನನಗೆ ಮಂಡಿನೋವು. ನೀವು ಹೇಗೂ ಕೆರೆ ಕಡೆ ಹೋಗ್ತೀರಲ್ಲ ಅಳಿಯಂದಿರೇ, ನನ್ನ ಹೆಸರಲ್ಲಿ ನೀವೇ ಹಾಕಿಬಿಡಿ" ಎಂದರು. ಆಗಲೇ ನಿಜ ಹೇಳಬಹುದಿತ್ತು. ಆ ಹೊಸ ಕಣ್ಣುಗಳು ನನ್ನನ್ನೇ ನೋಡುತ್ತಿದ್ದವು. "ಆಗಲಿ ಅತ್ತೆ" ಎಂದೆ. ಅಂದಿನಿಂದ ಪ್ರತಿ ಶನಿವಾರ ಅವರು ಗಾಂಧಿಬಜಾರಿನಿಂದ ಪುರಿ ತರಿಸಿ, ದೇವರ ಮುಂದಿಟ್ಟು, ಬೆಳಿಗ್ಗೆ ನನ್ನ ಕೈಗೆ ಕೊಡುತ್ತಿದ್ದರು. ನಾನು ಅದನ್ನು ಹೊಂಡಕ್ಕೆ ಎರಚಿ, ಅದಕ್ಕೆ ಸೇರಿದ ಮೀನುಗಳ ನಡುವೆಯೇ ಗಾಳ ಇಳಿಬಿಡುತ್ತಿದ್ದೆ. ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ. ರಾಡನ್ನು ಮಾತ್ರ ಅತ್ತೆಗೆ ಕಣ್ಣು ಬಂದ ದಿನವೇ ಕಾರಿನ ಡಿಕ್ಕಿಗೆ ಸಾಗಿಸಿದ್ದೆ.

ನಲವತ್ತೇಳು ಭಾನುವಾರ ಹೀಗೆ ಕಳೆದವು. "ಕೊನೇ ವಾರ ನಾನೇ ಬಂದು ನನ್ನ ಕೈಯಾರೆ ಹಾಕ್ತೀನಿ" ಎಂದರು ಅತ್ತೆ. ನನ್ನ ರಕ್ತದೊತ್ತಡ ಮೊದಲಿದ್ದಲ್ಲಿಗೇ ಬಂದು ನಿಂತಿತು. ವತ್ಸಲ ಕೊಟ್ಟ ಮಾತಿಗೆ ತಪ್ಪದೆ, ತನಗೆ ಆವತ್ತು ತಲೆನೋವು ಎಂದು ಮನೆಯಲ್ಲೇ ಉಳಿದಳು. ನಾನು ಮುನಿರಾಜುವನ್ನು ಕಚೇರಿಯ ಮೂಲೆಗೆ ಕರೆದು, ಭಾನುವಾರ ಆಚೆ ದಡದಲ್ಲಿ ಕೂತಿರಿ, ನನ್ನ ಗುರುತೇ ಇಲ್ಲದವರ ಹಾಗೆ ಇದ್ದುಬಿಡಿ ಎಂದು ಬೇಡಿಕೊಂಡೆ. "ದೊಡ್ಡೋರ ಹತ್ರ ಇವೆಲ್ಲ ಯಾಕ್ ಸಾರ್" ಎಂದು ಗೊಣಗಿ ಒಪ್ಪಿದರು.

ಆದರೆ ಹಿರಿಯರೊಬ್ಬರು ಕಾರಿನಿಂದ ಕಷ್ಟಪಟ್ಟು ಇಳಿಯುವುದನ್ನು ಕಂಡು ಆಚೆ ದಡದಲ್ಲಿ ಸುಮ್ಮನೆ ಕೂರುವ ಜಾಯಮಾನ ಮುನಿರಾಜುವಿನದಲ್ಲ. ಗಾಳದ ಕೋಲು ಹಿಡಿದುಕೊಂಡೇ ಓಡಿಬಂದರು, ಅತ್ತೆಯ ಕೈ ಹಿಡಿದು ನಾನು ಕಾರಿನಲ್ಲಿ ತಂದಿದ್ದ ಕುರ್ಚಿಯಲ್ಲಿ ಕೂರಿಸಿದರು, ಕಾಲಿಗೆ ನಮಸ್ಕಾರ ಮಾಡಿದರು. ಆಮೇಲೆ ಎರಡು ವರ್ಷದ ಅಭ್ಯಾಸಬಲದಿಂದ ನನ್ನ ಕಡೆ ತಿರುಗಿ, "ಸಾರ್, ನಿಮ್ ರಾಡು ಡಿಕ್ಕೀಲೇ ಬಿಟ್ರಾ, ತರಲಾ?" ಎಂದರು.

ಅತ್ತೆ ಮುನಿರಾಜುವಿನ ಕೈಯಲ್ಲಿದ್ದ ಕೊಕ್ಕೆಯನ್ನು ನೋಡಿದರು. ನನ್ನನ್ನು ನೋಡಿದರು. ಮಡಿಲಲ್ಲಿದ್ದ ಪುರಿಯ ಪೊಟ್ಟಣವನ್ನು ಎರಡೂ ಕೈಯಿಂದ ಮುಚ್ಚಿಕೊಂಡರು. "ನನ್ನ ಹರಕೆ ಪುರಿ ತೋರಿಸಿ ಮೀನು ಹಿಡೀತಿದ್ರಾ ಅಳಿಯಂದಿರೇ?" ಎಂದರು. ದನಿ ಏರಿಸಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. "ಹಿಡಿದು ಬಿಟ್ಟುಬಿಡ್ತೀವಿ ಅತ್ತೆ..." ಎಂದು ಶುರುಮಾಡಿದೆ. "ಬಿಟ್ಟರೇನು? ಬಾಯಿಗೆ ಚುಚ್ಚಿದ ಮೇಲೆ ಅದು ಹರಕೆ ಹೇಗಾಗತ್ತೆ? ನನಗೆ ಕಣ್ಣು ಕೊಟ್ಟಿದ್ದಕ್ಕೆ ನಾನು ಅವಕ್ಕೆ ಹೀಗೆ ಮಾಡಿದ ಹಾಗಾಯ್ತಲ್ಲ" ಎಂದವರ ಕಣ್ಣು ತುಂಬಿತು. ಆ ಕಣ್ಣಿಗೆ ನೀರು ತರಿಸಬಾರದೆಂದು ಡಾಕ್ಟರು ಹೇಳಿದ್ದು ನೆನಪಾಯಿತು.

"ಒಂದೂ ಸಿಕ್ಕಿಲ್ಲ ಅತ್ತೆ! ಎರಡು ವರ್ಷದಲ್ಲಿ ಒಂದೇ ಒಂದು ಮೀನೂ ಸಿಕ್ಕಿಲ್ಲ. ನಿಮ್ಮ ಪುರಿಯನ್ನೆಲ್ಲ ಅವು ತಿಂದಿವೆ ಅಷ್ಟೆ" ಎಂದೆ. ಇದು ಸತ್ಯವಾಗಿತ್ತು. ಬರೀ ಪುರಿ ಹಾಕಿ ಬರುತ್ತೇನೆಂದು ನಾನು ಮನೆಯಲ್ಲಿ ಹೇಳಿದ್ದ ಸುಳ್ಳು ನನ್ನ ದಡ್ಡತನದಿಂದಾಗಿ ಅಕ್ಷರಶಃ ನಿಜವಾಗಿಬಿಟ್ಟಿತ್ತು. ಆದರೆ ಮುನಿರಾಜುವಿಗೆ, ತಮ್ಮ ಕಣ್ಣೆದುರೇ ಸಾರ್ ಹೀಗೆ ಮಾನ ಕಳೆದುಕೊಳ್ಳುವುದನ್ನು ನೋಡಲಾಗಲಿಲ್ಲ. "ಹಂಗನ್ಬೇಡಿ ಸಾರ್" ಎಂದು ನಡುವೆ ಬಂದರು. "ಅಮ್ಮಾ, ಸಾರ್ ಸುಮ್ನೆ ಹೇಳ್ತಾರೆ. ಎರಡ್ ಕೆಜಿ ಕಾಟ್ಲ ಎತ್ತಿದಾರೆ ಒಂದ್ಸಲ. ಮೇಲೇನೇ ಇತ್ತು."

ಗಾಳ ಹಾಕುವವರು ಇಲ್ಲದ ಮೀನನ್ನು ಇದೆ ಎಂದು ಆಣೆ ಮಾಡುವುದು ಲೋಕದಲ್ಲೆಲ್ಲ ನಡೆದುಬಂದ ಪದ್ಧತಿ. ಹಿಡಿದಿಲ್ಲ, ಹಿಡಿಯಲು ಬರುವುದೇ ಇಲ್ಲ, ಆ ಕಾಟ್ಲ ಬರೀ ಬಡಾಯಿ ಎಂದು ಅತ್ತೆಯ ಮುಂದೆ ಆಣೆ ಮಾಡಿದವನು ಬಹುಶಃ ನಾನೊಬ್ಬನೇ. ಅತ್ತೆ ನಮ್ಮಿಬ್ಬರನ್ನೂ ಬದಲಿಸಿ ಬದಲಿಸಿ ನೋಡಿದರು. "ನೀವೊಂದು ಹೇಳ್ತೀರಿ, ಇವರೊಂದು ಹೇಳ್ತಾರೆ. ಹಾಕಿ, ನೋಡೋಣ. ಈಗ ನನಗೆ ಕಣ್ಣು ಕಾಣತ್ತೆ" ಎಂದರು.

ಅತ್ತೆಯ ಹರಕೆ ನನ್ನ ಅಯೋಗ್ಯತೆಯ ಮೇಲೆ ನಿಂತಿತ್ತು. ನನಗೆ ಧೈರ್ಯವೇ ಇತ್ತು. ಎರಡು ವರ್ಷದಿಂದ ಕೈಕೊಡದ ಅಯೋಗ್ಯತೆ ಈಗೇಕೆ ಕೈಕೊಡುತ್ತದೆ? ಡಿಕ್ಕಿಯಿಂದ ರಾಡು ತಂದೆ. ನನ್ನ ಅಂಬಲಿಯಂಥ ಮುದ್ದೆ ಅಂದು ಇರಲಿಲ್ಲವಾದ್ದರಿಂದ ಮುನಿರಾಜು ತಮ್ಮದೇ ಉಂಡೆ ಸಿಕ್ಕಿಸಿಕೊಟ್ಟರು. ಎಸೆದೆ. ಪ್ರತಿ ಸಲ ಹಿಂದಿನ ಜಾಲಿ ಮರಕ್ಕೆ ಸಿಕ್ಕಿಕೊಳ್ಳುತ್ತಿದ್ದ ದಾರ ಅಂದು ಅಮೆರಿಕದವನೂ ಮೆಚ್ಚುವ ಹಾಗೆ ಹಾರಿ ಹೊಂಡದ ನಡುವೆ ಸದ್ದಿಲ್ಲದೆ ಇಳಿಯಿತು. ಬೆಂಡು ಒಂದು ಸಲ ಮುಳುಗಿತು. ನಾನು ಗಾಬರಿಯಿಂದ ಸುಮ್ಮನಿದ್ದೆ. ಎರಡನೆಯ ಸಲ ಮುಳುಗಿತು. ಅದೇ ಗಾಬರಿಯಲ್ಲಿ ಕೈ ಮೇಲೆ ಹೋಯಿತು.

ಆ ಕ್ಷಣವನ್ನು ನಾನು ಹೇಗೆ ಹೇಳಲಿ! ರಾಡು ಬಾಗಿತು, ರೀಲು ಕಿರ್ರೆಂದು ಕೂಗಿತು, ನೀರಿನ ಕೆಳಗಿನ ಯಾವುದೋ ಜೀವ ನನ್ನ ಕೈಯನ್ನು ಹಿಡಿದು ಜಗ್ಗುತ್ತಿತ್ತು. ಎರಡು ವರ್ಷ ಕನಸು ಕಂಡ ಜಗ್ಗಾಟ. ಮುನಿರಾಜು ಎಲ್ಲವನ್ನೂ ಮರೆತು ಕುಣಿಯುತ್ತಿದ್ದರು: "ಕೋಲು ಮೇಲೆ ಸಾರ್! ದಾರ ಸಡಿಲ ಬಿಡ್ಬೇಡಿ! ಮೂರ್ ಕೆಜಿ ಐತೆ!" ನಾನು ಒಮ್ಮೆ ಅತ್ತೆಯ ಕಡೆ ನೋಡಿದೆ. ಅವರು ಪುರಿಯ ಪೊಟ್ಟಣವನ್ನು ಎದೆಗೆ ಒತ್ತಿಕೊಂಡು, ರೆಪ್ಪೆ ಬಡಿಯದೆ ನೀರನ್ನೇ ನೋಡುತ್ತಿದ್ದರು. ನಾನು ಕೋಲನ್ನು ತಗ್ಗಿಸಿದೆ. ಹಿಮ್ಮುಳ್ಳಿಲ್ಲದ ಕೊಕ್ಕೆ ಬರಿದಾಗಿ ವಾಪಸು ಬಂತು.

ಅತ್ತೆ ಬಹಳ ಹೊತ್ತು ಉಸಿರು ಕಟ್ಟಿದ್ದವರ ಹಾಗೆ ಉಸಿರುಬಿಟ್ಟರು. "ನಿಜ ಅಳಿಯಂದಿರೇ, ನಿಮಗೆ ಬರೋದೇ ಇಲ್ಲ. ಪಾಪ, ನಾನೇ ಸಂಶಯಪಟ್ಟೆ" ಎಂದರು. ಮುನಿರಾಜುವಿನ ಕೈ ಹಿಡಿದುಕೊಂಡು ಅಂಚಿನವರೆಗೆ ಹೋಗಿ ಪುರಿಯನ್ನೆಲ್ಲ ಮೆಲ್ಲಗೆ ಸುರಿದು ಕೈ ಮುಗಿದರು. ಮೀನುಗಳು ಮೇಲೆದ್ದು ಬಂದು ಬಾಯಿ ಬಿಟ್ಟಾಗ ಮಗುವಿನ ಹಾಗೆ ನಕ್ಕರು. "ಅವುಗಳ ಕಣ್ಣು ನೋಡ್ರೀ, ಎಷ್ಟು ಚೆನ್ನಾಗಿ ಕಾಣ್ತಿದೆ!" ಎಂದರು. ಹರಕೆ ಸಂದಿತು. ದಾರಿಯಲ್ಲಿ ನನಗೆ ತಾವೇ ಎಳನೀರು ಕೊಡಿಸಿದರು.

ಸೋಮವಾರ ಟೀ ಕುಡಿಯುವಾಗ ಮುನಿರಾಜು ದನಿ ತಗ್ಗಿಸಿ ಕೇಳಿದರು: "ನಿಜ ಹೇಳಿ ಸಾರ್, ಬೇಕೂಂತ ಬಿಟ್ರಾ?" ಹೌದು ಎಂದೆ. "ದೊಡ್ ಮನಸ್ಸು ಸಾರ್ ನಿಮ್ದು" ಎಂದು ಟೀ ಕಾಸು ತಾವೇ ಕೊಟ್ಟರು. ವತ್ಸಲಳಿಗೂ ಹೇಳಿದೆ. ಆ ವಾರವೆಲ್ಲ ನನಗೆ ಹುಳಿಯಲ್ಲಿ ಹೋಳು ಜಾಸ್ತಿ ಬೀಳುತ್ತಿತ್ತು. ಹೀಗೆ ಇಬ್ಬರ ಕಣ್ಣಲ್ಲಿ ನಾನು ತ್ಯಾಗಿಯಾಗಿದ್ದೇನೆ, ಅತ್ತೆಯ ಕಣ್ಣಲ್ಲಿ ಪಾಪದವನಾಗಿದ್ದೇನೆ. ಎರಡರಲ್ಲಿ ಅತ್ತೆ ಕಂಡದ್ದೇ ಸರಿ. ಏಕೆಂದರೆ ನಾನು ಕೋಲು ತಗ್ಗಿಸುವ ಹೊತ್ತಿಗೆ ದಾರ ಆಗಲೇ ಹಗುರವಾಗಿತ್ತು.