ಗಂಡಿನ ಕಡೆಯ ಕರಡಿಗಳು

"ಸುಗುಣಾ, ಇವತ್ತು ನಿನ್ನ ಗೊಂಬೆಗಳಿಗೆ ಬಾಂಧವ್ಯ ಬರುತ್ತೆ, ನೋಡ್ತಿರು," ಎಂದು ನಮ್ಮ ಯಜಮಾನರು ಅಚ್ಯುತರಾಯರು ಇಡ್ಲಿ ಪಾತ್ರೆಯ ಮುಚ್ಚಳ ಮುಚ್ಚಿದರು.

ಅದು ನನ್ನದೇ ಇಡ್ಲಿ ಪಾತ್ರೆ. ಒಳಗೆ ಇಡ್ಲಿ ಇರಲಿಲ್ಲ, ತಾಮ್ರದ ತಂತಿಯ ಸುರುಳಿಗಳಿದ್ದವು. ಅಚ್ಯುತರಾಯರು ನಿವೃತ್ತರಾದ ಮೇಲೆ ಅವರಿಗೆ ಹೊಳೆಯುವ ಯಂತ್ರಗಳಿಗೆಲ್ಲ ನನ್ನ ಅಡುಗೆಮನೆಯ ಪಾತ್ರೆಗಳೇ ಬೇಕು. ಹಾಳಾಗಿ ಹೋಗಲಿ ಎಂದರೆ ಪಾತ್ರೆಯೂ ಹಾಳು, ಯಂತ್ರವೂ ಹಾಳು.

ಮೈಸೂರಿನವರಾದ ಮೇಲೆ ದಸರೆಗೆ ಗೊಂಬೆ ಕೂರಿಸಲೇಬೇಕು. ನಮ್ಮ ಮನೆಯಲ್ಲಿ ಮೇಲಿನ ಹಂತದಲ್ಲಿ ಪಟ್ಟದ ರಾಜ ರಾಣಿ. ಕೆಳಗಿನ ಹಂತಗಳಲ್ಲೆಲ್ಲ ನಾನು ವರ್ಷಗಟ್ಟಲೆ ಕೂಡಿಸಿದ ಬೆರಳುದ್ದದ ಪ್ರಾಣಿ ಸಂಸಾರಗಳು. ಮೊಲದ ಮನೆಯವರು, ಕರಡಿ ಮನೆಯವರು, ಅವರವರ ಅಜ್ಜ ಅಜ್ಜಿ, ತೊಟ್ಟಿಲಲ್ಲಿ ಕೂಸು, ಉಗುರಿನಷ್ಟು ಕುರ್ಚಿ, ಎಳ್ಳಿನಷ್ಟು ಚಮಚ. ಮೊಮ್ಮಕ್ಕಳನ್ನಾಡಿಸುವ ವಯಸ್ಸಿನಲ್ಲಿ ಇವಳಿಗೇನು ಹುಚ್ಚು ಎಂದು ಬೀದಿಯವರು ಅಂದುಕೊಳ್ಳುತ್ತಾರೆ, ಅಂದುಕೊಳ್ಳಲಿ. ಈ ಸಂಸಾರಗಳು ನನ್ನನ್ನು ಒಂದು ದಿನವೂ ನೋಯಿಸಿದ್ದಿಲ್ಲ. ಆವತ್ತಿನವರೆಗೆ ಎನ್ನಬೇಕು.

ಆ ವರ್ಷ ಮೊಲದ ಮನೆಯವರನ್ನು ಸಾಲಾಗಿ ನಿಲ್ಲಿಸಿ ಕೈಗೊಂದೊಂದು ಪುಟ್ಟ ತಟ್ಟೆ ಕೊಟ್ಟಿದ್ದೆ. ಎದುರಿಗೆ ಕರಡಿ ಮನೆಯವರು ಕುರ್ಚಿಗಳಲ್ಲಿ ಕೂತಿದ್ದರು. ಯಜಮಾನರು ಪ್ರತಿ ಗೊಂಬೆಯ ಪಾದಕ್ಕೂ ಸಾಸಿವೆ ಗಾತ್ರದ ಏನನ್ನೋ ಅಂಟಿಸಿ, ಪಾತ್ರೆಯಿಂದ ತಂತಿ ಎಳೆದು ಹಂತದ ಕೆಳಗೆ ಹಾಯಿಸಿದ್ದರು.

"ಅಲ್ಲ, ಈ ಬಾಂಧವ್ಯವನ್ನ ಯಂತ್ರ ಎಲ್ಲಿಂದ ಕಲೀತು?" ಎಂದೆ.

"ನಮ್ಮ ಕಮಲಿ ಮದುವೆ ವಿಡಿಯೊ ಇತ್ತಲ್ಲ, ಪೂರ್ತಿ ತೋರಿಸಿದೀನಿ. ಎರಡು ಸಂಸಾರ, ಒಂದೇ ಚಪ್ಪರ. ಅದಕ್ಕಿಂತ ಪ್ರೀತಿ ವಿಶ್ವಾಸ ಇನ್ನೆಲ್ಲಿ ಸಿಗುತ್ತೆ?"

ಕಮಲಿ ನನ್ನ ನಾದಿನಿ. ಅವಳ ಮದುವೆಯಲ್ಲಿ ಈ ಮಹಾನುಭಾವರು ಛತ್ರದ ಹಿಂದೆ ಜನರೇಟರ್ ಬಿಚ್ಚಿಕೊಂಡು ಕೂತಿದ್ದರು. ಛತ್ರದ ಮುಂದೆ ಗಂಡಿನ ಕಡೆಯವರು ಏನೇನು ಆಟ ಆಡಿದರು ಎಂದು ಕಂಡವಳು ನಾನು.

"ಅದನ್ನ ಯಾಕ್ರೀ ತೋರಿಸಿದ್ರಿ? ಮೊದಲು ಆಫ್ ಮಾಡಿ."

"ಆಫ್ ಇಟ್ಟಿಲ್ಲ. ಪ್ರೀತಿಗೆ ಯಾರಾದರೂ ಸ್ವಿಚ್ ಇಡ್ತಾರೇನೆ?"

ಅಷ್ಟರಲ್ಲಿ ಇಡ್ಲಿ ಪಾತ್ರೆ ಗುಂಯ್ ಎಂದಿತು. ಮೊಲದಮ್ಮ ಕಿವಿ ಅಲ್ಲಾಡಿಸಿ, ತಟ್ಟೆ ಹಿಡಿದುಕೊಂಡು ಎರಡು ಹೆಜ್ಜೆ ಮುಂದೆ ಬಂದು, ಸೊಳ್ಳೆಯ ದನಿಯಲ್ಲಿ "ಬನ್ನಿ ಬನ್ನಿ, ದಾರಿಯಲ್ಲಿ ತೊಂದರೆ ಆಗ್ಲಿಲ್ಲ ತಾನೆ?" ಎಂದಳು. ನನಗೆ ಒಂದು ಕ್ಷಣ ಕಣ್ಣು ತುಂಬಿ ಬಂತು. ಎಷ್ಟು ವರ್ಷದಿಂದ ಅವಳ ಲಂಗ ಇಸ್ತ್ರಿ ಮಾಡಿದ್ದೇನೆ, ಇವತ್ತು ಅವಳ ದನಿ ಕೇಳಿದೆ.

ಕರಡಿಯಪ್ಪ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. "ತೊಂದರೆ ಇರಲಿ. ಕಾಫಿ ಯಾಕೆ ಆರಿಹೋಗಿದೆ?"

ಯಜಮಾನರ ಮುಖ ನೋಡಬೇಕಿತ್ತು. "ಇವನೇನು ಹೀಗಂತಾನೆ?"

"ಗಂಡಿನ ಕಡೆಯವರು ಹಾಗೇ ಅನ್ನೋದು," ಎಂದೆ. "ಕೂತವರು ಗಂಡಿನ ಕಡೆ, ತಟ್ಟೆ ಹಿಡಿದು ನಿಂತವರು ಹೆಣ್ಣಿನ ಕಡೆ. ವಿಡಿಯೊದಲ್ಲಿ ನಿಮ್ಮ ಯಂತ್ರ ಅಷ್ಟು ಕಲಿತಿದೆ."

ಮಧ್ಯಾಹ್ನದ ಹೊತ್ತಿಗೆ ಕರಡಿಗಳ ಬಾಯಿ ಹತೋಟಿ ಮೀರಿತು. ಪಲ್ಯಕ್ಕೆ ಉಪ್ಪಿಲ್ಲವಂತೆ. ಕೋಣೆಗೆ ಫ್ಯಾನಿಲ್ಲವಂತೆ. ಕರಡಿಯಜ್ಜಿಗೆ ಸರಿಯಾಗಿ ನಮಸ್ಕಾರ ಮಾಡಲಿಲ್ಲವಂತೆ. ಮೊಲಗಳು ಕಿವಿ ಇಳಿಬಿಟ್ಟುಕೊಂಡು "ತಪ್ಪಾಯ್ತು, ತಪ್ಪಾಯ್ತು" ಎಂದು ಹಂತದ ಈ ತುದಿಯಿಂದ ಆ ತುದಿಗೆ ಓಡಾಡಿದವು. ಕೊನೆಗೆ ಕರಡಿಯಪ್ಪ ಮೇಲಿನ ಹಂತಕ್ಕೆ ಹತ್ತಿ, ಪಟ್ಟದ ರಾಜನನ್ನು ಪಕ್ಕಕ್ಕೆ ಸರಿಸಿ, "ಬೀಗರಿಗಿಂತ ಇವನು ದೊಡ್ಡವನೋ?" ಎಂದು ಸಿಂಹಾಸನದಲ್ಲಿ ಕೂತ. ನನ್ನ ತವರಿನಿಂದ ಬಂದ ಪಟ್ಟದ ರಾಜ ಪಾಪ, ಮಾವುತನ ಹಾಗೆ ಗೊಂಬೆ ಸಾಲಿನ ಆನೆಯ ಪಕ್ಕ ನಿಂತ.

ಇಷ್ಟಾದರೂ ನಗಬಹುದಿತ್ತು. ಆದರೆ ಆವತ್ತು ಸಂಜೆಯೇ ಗೊಂಬೆ ನೋಡಲು ನಮ್ಮ ನಿಜವಾದ ಬೀಗರು ಬರುವವರಿದ್ದರು.

ಮಗಳು ಮೇದಿನಿಗೆ ಮದುವೆ ನಿಶ್ಚಯವಾಗಿತ್ತು. ಹುಡುಗ ಸುಹಾಸ, ದನದ ಡಾಕ್ಟರು, ಚಿನ್ನದಂಥವನು. ಅವನ ತಾಯಿ ಅಂಬುಜಾಕ್ಷಿಯವರೂ ಪ್ರಾಣಿ ಸಂಸಾರಗಳನ್ನು ಕೂಡಿಡುವವರೇ. ನಾವಿಬ್ಬರೂ ಗೊಂಬೆ ಕೊಳ್ಳಲು ಹೋದಾಗ ನಮ್ಮ ಚೀಲ ಹಿಡಿದು ನಿಂತ ಮಕ್ಕಳು ಮಾತಾಡಿಕೊಂಡು ಒಪ್ಪಿದ್ದು ಹಾಗೆ. ಆದರೆ ನಿಶ್ಚಿತಾರ್ಥವಾದ ಮೇಲೆ ಅಂಬುಜಾಕ್ಷಿಯವರು ಬಂದಾಗಲೆಲ್ಲ ಹೊಸದೊಂದು ಹೇಳುತ್ತಿದ್ದರು. ಛತ್ರ ಬದಲಾಗಬೇಕು, ವಾಲಗದವರು ಬದಲಾಗಬೇಕು, ಬಾಳೆಲೆ ಇಂಥ ಕಡೆಯದೇ ಆಗಬೇಕು. ನಾನು ಪ್ರತಿ ಸಲ ಕೈಮುಗಿದು ಆಗಲಿ ಎನ್ನುತ್ತಿದ್ದೆ.

ಆವತ್ತು ಬೆಳಿಗ್ಗೆ ಮೇದಿನಿ ಹೂ ಕಟ್ಟುತ್ತಾ ತಲೆ ಎತ್ತದೆ ಹೇಳಿದ್ದಳು, "ಅಮ್ಮ, ನಂಗೆ ಸುಹಾಸ ಬೇಕು. ಆದರೆ ಇನ್ನೊಂದು ಸಲ ನೀನು ಅವರ ಮುಂದೆ ಕೈಮುಗಿದೆಯೋ, ಈ ಮದುವೆ ಬೇಡ ಅಂತ ನಾನೇ ಹೇಳಿಬಿಡ್ತೀನಿ." ಅವಳು ಹೇಳಿದರೆ ಮಾಡುವವಳು. ಅಪ್ಪನ ಹಟ, ನನ್ನ ನಾಲಿಗೆ.

ಸಂಜೆ ತಾಯಿ ಮಗ ಬಂದರು. ಅಂಬುಜಾಕ್ಷಿಯವರು ಹಂತಗಳನ್ನು ನೋಡಿ ಮೊದಲು ಆಡಿದ ಮಾತು, "ಅಯ್ಯೋ, ಎಲ್ಲಾ ಗೊಂಬೆಗಳ ಡಬ್ಬಿ ಬಿಚ್ಚಿಬಿಟ್ಟಿದೀರಾ? ನಾನು ಒಂದೂ ಬಿಚ್ಚಲ್ಲಪ್ಪ. ಬಿಚ್ಚಿದರೆ ಅದರ ಗೌರವ ಹೋಯ್ತು."

ಸಿಂಹಾಸನದ ಮೇಲಿಂದ ಕರಡಿಯಪ್ಪ ಕಾಲು ಮುಂದೆ ಚಾಚಿದ. "ಮದುಮಗನ ಕಾಲು ತೊಳೆದರೆ ಸಾಲದು. ಅವನ ಸೋದರಮಾವಂದಿರ ಕಾಲೂ ತೊಳೀಬೇಕು. ಎಲ್ಲಿ ಹೆಣ್ಣಿನ ಅಪ್ಪ?"

ಮೊಲದಪ್ಪ ಕಡಲೆಕಾಳಿನಷ್ಟು ಚೊಂಬು ಹಿಡಿದು ಓಡಿಬಂದ. ಸುಹಾಸ ತಬ್ಬಿಬ್ಬಾಗಿ ನಮ್ಮ ಯಜಮಾನರ ಮುಖ ನೋಡಿದ. ಅವರು ಇಡ್ಲಿ ಪಾತ್ರೆ ಅಪ್ಪಿಕೊಂಡು ಅದರ ಮುಚ್ಚಳ ಕೀಳುತ್ತಿದ್ದರು, ಅದು ಬರುತ್ತಿರಲಿಲ್ಲ. ನಾನು ನಾಚಿಕೆಯಿಂದ ಕುಗ್ಗಿಹೋದೆ. ತಮ್ಮನ್ನೇ ಅಣಕಿಸಲು ಗೊಂಬೆ ಕುಣಿಸಿದ್ದೇವೆ ಎಂದು ಈಕೆ ಎದ್ದು ಹೋಗುತ್ತಾರೆ, ಮುಗಿಯಿತು ಕತೆ, ಅಂದುಕೊಂಡೆ.

ಅಂಬುಜಾಕ್ಷಿಯವರು ಕರಡಿಯನ್ನು ಮೆಚ್ಚುಗೆಯಿಂದ ನೋಡುತ್ತಿದ್ದರು. "ಎಷ್ಟು ಸರಿಯಾಗಿ ಹೇಳ್ತು ನೋಡಿ. ನನಗೆ ಇದು ಹೊಳೆದೇ ಇರ್ಲಿಲ್ಲ. ಸುಗುಣಾ ಅವರೇ, ನಮ್ಮಲ್ಲೂ ಸುಹಾಸನ ಸೋದರಮಾವಂದಿರು ಇದಾರೆ. ಅವರ ಕಾಲನ್ನೂ ನಿಮ್ಮ ಯಜಮಾನರು ತೊಳೀಲಿ. ಶಾಸ್ತ್ರಕ್ಕೆ ಅಷ್ಟೇ."

"ಅಮ್ಮ, ಇದೇನು?" ಎಂದ ಸುಹಾಸ.

"ದೊಡ್ಡವರ ಮಾತಿನ ಮಧ್ಯೆ ನೀನು ಬರಬೇಡಪ್ಪ."

ನನ್ನ ಕೈಯಲ್ಲಿ ಕಾಫಿ ತಟ್ಟೆ ಇತ್ತು. ಬಾಗಿಲಲ್ಲಿ ಮೇದಿನಿ ನಿಂತಿದ್ದಳು. ಅವಳು ನನ್ನ ಮುಖ ನೋಡುತ್ತಿರಲಿಲ್ಲ, ನನ್ನ ಕೈಗಳನ್ನೇ ನೋಡುತ್ತಿದ್ದಳು. ನಾನು ಅವಳ ಕಡೆ ತಿರುಗಿದ್ದಕ್ಕೆ ತಟ್ಟೆ ಓರೆಯಾಗಿ ಲೋಟಗಳು ಜಾರಿದವು. "ಬಿದ್ದೀತು, ಕೊಡಿ ಇಲ್ಲಿ," ಎಂದು ಅಂಬುಜಾಕ್ಷಿಯವರು ಎದ್ದು ತಟ್ಟೆಯನ್ನು ತಾವೇ ತೆಗೆದುಕೊಂಡರು.

ತೆಗೆದುಕೊಂಡು ಹಂತದ ಮುಂದೆ ನಿಂತರು. ಕರಡಿಗಳೆಲ್ಲ ಒಟ್ಟಿಗೆ ಅವರ ಕಡೆ ತಿರುಗಿದವು. ತಟ್ಟೆ ಹಿಡಿದು ನಿಂತವರು ಅವಕ್ಕೆ ಹೆಣ್ಣಿನ ಕಡೆಯವರು!

"ಎಷ್ಟು ಹೊತ್ತಿಂದ ಕಾಯ್ತಾ ಇದೀವಿ?" ಎಂದಳು ಕರಡಿಯಜ್ಜಿ. "ಮಗಳನ್ನ ಕೊಡೋ ಮನೆ ಹೀಗಾ ಇರೋದು? ಈ ಕಾಫಿ ನಾಯಿ ಕುಡಿಯುತ್ತಾ?"

"ಈಗಲೇ ತರ್ತೀನಿ, ಒಂದು ನಿಮಿಷ," ಎಂದರು ಅಂಬುಜಾಕ್ಷಿಯವರು.

ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ನೆಟ್ಟಗೆ ನಮ್ಮ ಅಡುಗೆಮನೆಗೆ ಹೋಗಿ, ಕಾಫಿ ಬಿಸಿ ಮಾಡಿ ತಂದರು. ಹಬೆ ಆಡುತ್ತಿತ್ತು.

"ಸಕ್ಕರೆ ಜಾಸ್ತಿ," ಎಂದ ಕರಡಿಯಪ್ಪ. "ಏಳ್ರೋ, ಹೊರಡೋಣ. ಈ ಸಂಬಂಧವೇ ಬೇಡ."

"ಹಾಗನ್ನಬೇಡಿ, ತಪ್ಪಾಯ್ತು, ಕೂತ್ಕೊಳ್ಳಿ," ಎಂದು ಅಂಬುಜಾಕ್ಷಿಯವರು ತಟ್ಟೆ ಕೆಳಗಿಟ್ಟು ಆ ಬೆರಳುದ್ದದ ಕರಡಿಗೆ ಎರಡೂ ಕೈ ಜೋಡಿಸಿದರು.

ನಾನು ಹೋಗಿ ಅವರ ಕೈಗಳನ್ನು ಹಿಡಿದು ಬಿಡಿಸಿದೆ. "ಅಂಬುಜಾಕ್ಷಿಯವರೇ, ಅದು ಗೊಂಬೆ."

"ಗೊಂಬೆ ಅಂತ ಗೊತ್ತು ಕಣ್ರೀ." ಅವರು ತಮ್ಮ ಕೈಗಳನ್ನೇ ನೋಡಿಕೊಂಡರು. "ಕೈ ತಾನಾಗೇ ಬಂತು."

"ನಮ್ಮಕ್ಕನ ಮದುವೇಲಿ ಅಮ್ಮ ಮೂರು ಹೊತ್ತೂ ಬೀಗರ ಮುಂದೆ ಹೀಗೇ ನಿಂತಿದ್ದಳು," ಎಂದ ಸುಹಾಸ ಮೆಲ್ಲಗೆ.

ನನಗೆ ಆಕೆಯ ಮೇಲಿದ್ದ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ, ಸಂಕಟವಾಯಿತು. ಆದರೂ ಹೇಳಬೇಕಾದ್ದನ್ನು ಆವಾಗಲೇ ಹೇಳಿದೆ, "ನಮ್ಮ ಯಜಮಾನರು ಯಾರ ಕಾಲನ್ನೂ ತೊಳೆಯೋದಿಲ್ಲ. ಸುಹಾಸನದು ಬಿಟ್ಟು."

"ಅವನದೂ ಬೇಡ," ಎಂದರು ಅಂಬುಜಾಕ್ಷಿಯವರು, ಮೂಗೊರೆಸಿಕೊಂಡು. "ದಿನಾ ಕೊಟ್ಟಿಗೇಲಿ ಓಡಾಡೋ ಕಾಲು. ಅವನೇ ತೊಳ್ಕೊಂಡು ಬರಲಿ. ಛತ್ರ, ವಾಲಗ ಎಲ್ಲಾ ನೀವು ಹಿಂದೆ ಹೇಳಿದ್ದೇ ಇರಲಿ." ಮೇದಿನಿ ಒಳಗೆ ಬಂದು ಅವರ ಪಕ್ಕದಲ್ಲೇ ಚಾಪೆಯ ಮೇಲೆ ಕೂತಳು.

ಆದರೆ ಕರಡಿಗಳು ಹೊರಡುತ್ತೇವೆ ಎಂದು ಹೇಳಿ ಆಗಿತ್ತಲ್ಲ. ತಾಂಬೂಲ ಕೊಡದೆ ಹೊರಡುವುದಿಲ್ಲವಂತೆ. ವಿಡಿಯೊ ಮುಗಿಯುವುದೂ ತಾಂಬೂಲದಲ್ಲೇ ಎಂದು ಯಜಮಾನರಿಗೆ ಆಗ ನೆನಪಾಯಿತು. ತಲೆಗೊಂದು ಅಡಿಕೆ ಕೊಟ್ಟೆವು, ಮುಖ ತಿರುಗಿಸಿದವು. ಕೊನೆಗೆ ತಲೆಗೊಂದು ಸುಲಿದ ತೆಂಗಿನಕಾಯಿ ಕೊಟ್ಟ ಮೇಲೆ ಒಂದೊಂದರ ಮೇಲೆ ಒಂದೊಂದು ಕರಡಿ ಹತ್ತಿ ಕೂತು, ಬಾಗಿಲ ಕಡೆ ನೋಡಿ, "ಕಾರು ಎಲ್ಲಿ?" ಎಂದವು.

ಮನೆ ಮುಂದೆ ಇದ್ದದ್ದು ಸುಹಾಸನ ಕಾರು. ತೆಂಗಿನಕಾಯಿ ಸಮೇತ ಹೊತ್ತು ತಂದು ಕೂರಿಸಿದ್ದೇ ತಡ, ಕರಡಿಗಳು ಹಿಂದಿನ ಸೀಟನ್ನೆಲ್ಲ ಹಿಡಿದವು, ಮುಂದಿನ ಸೀಟಿನಲ್ಲಿ ಕರಡಿಯಜ್ಜಿ ಕಾಲು ಚಾಚಿದಳು. ಹೆಣ್ಣಿನ ಕಡೆಯವರ ಜೊತೆ ತಾವು ಕೂರುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದ್ದರಿಂದ ಅಂಬುಜಾಕ್ಷಿಯವರು ಆಟೋ ಹಿಡಿದು ಹಿಂದೆ ಹೋದರು.

ಎಷ್ಟಾದರೂ ಗಂಡಿನ ಕಡೆಯವರಲ್ಲವೇ, ಅಷ್ಟು ಇದ್ದೇ ಇರುತ್ತದೆ.